ಮುನಿಶಾಮಪ್ಪ ಮಾವ ಮತ್ತು ಗಾಜಿನ ದೋಣಿ

ಮುನಿಶಾಮಪ್ಪ ಮಾವನನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಅವನ ಒದ್ದೆ ಹೆಬ್ಬೆರಳು. ಬಲಗೈಯದೋ ಎಡಗೈಯದೋ ಎಂದು ಕೇಳಿದರೆ ಹೇಳಲಾರೆ. ಬಲಗೈಯದೇ ಇರಬೇಕು ಎಂದು ಈಗ ಬರೆಯಲು ಕೂತಾಗ ಅನ್ನಿಸುತ್ತಿದೆ. ಅನ್ನಿಸುವುದನ್ನೆಲ್ಲ ನಂಬುವ ಧೈರ್ಯ ನನಗಿಲ್ಲ. ನಾನು ಇತಿಹಾಸ ಓದಿದವಳು. ಕಂಡವರ ಮಾತಿಗೆಲ್ಲ ಸಾಕ್ಷಿ ಕೇಳುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತೆ. ನನ್ನ ನೆನಪಿಗೇ ಸಾಕ್ಷಿ ಕೇಳಬೇಕಾದೀತು ಎಂದು ಮಾತ್ರ ಆಗ ಹೊಳೆದಿರಲಿಲ್ಲ. ಆ ವರ್ಷಗಳ ದಿನಚರಿ ಪುಸ್ತಕಗಳು ಮೂರು ನನ್ನ ಬಳಿ ಉಳಿದಿವೆ. ಅವುಗಳಲ್ಲಿ ದೋಣಿಯ ಬಣ್ಣ ಹಸಿರು ಎಂದು ನನ್ನದೇ ಕೈಬರಹದಲ್ಲಿದೆ. ನನ್ನ ಕಣ್ಣೊಳಗೆ ಅದು ಇವತ್ತಿಗೂ ಕಡುನೀಲಿ. ಹೀಗಿರುವಾಗ ಮುಂದೆ ನಾನು ಹೇಳುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಹೆಬ್ಬೆರಳು ಮಾತ್ರ ನಿಜ.

ಮಾವ ಎಲ್ಲಿಗೇ ಹೋಗಲಿ, ಹಳೆಯ ಬಾಗಿಲು, ಬೆಂಚು, ಪೆಟ್ಟಿಗೆ, ಬಸ್ಸಿನ ಪಕ್ಕೆ, ಏನೇ ಕಾಣಲಿ, ಹೆಬ್ಬೆರಳನ್ನು ನೀರಿಗೆ ಅದ್ದಿ ಅದರ ಮೇಲೆ ಒಂದು ಅಂಗುಲದಷ್ಟು ಜಾಗ ಉಜ್ಜುತ್ತಿದ್ದ. ನೀರು ಹತ್ತಿರ ಇಲ್ಲದಿದ್ದರೆ ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದ. ಒದ್ದೆಯಾದ ಕಡೆ ಮಾಸಿದ ಬಣ್ಣ ಒಂದು ಗಳಿಗೆ ಎದ್ದು ಕಾಣುತ್ತಿತ್ತು. ಅದು ಆರಿ ಮತ್ತೆ ಮಂಕಾಗುವವರೆಗೂ ಬಗ್ಗಿ ನೋಡುತ್ತಿದ್ದು, ಆಮೇಲೆ ತಲೆ ಎತ್ತಿ ಅದೇ ಮಾತು ಹೇಳುತ್ತಿದ್ದ.

"ಬಣ್ಣ ಎಲ್ಲೂ ಓಗಿರಲ್ಲ ಕಣಮ್ಮಣ್ಣಿ. ಮ್ಯಾಲೆ ಏನೋ ಕೂತ್ಕೊಂಡಿರ್ತದೆ, ಅಷ್ಟೆ."

ನನ್ನ ತಂದೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಒಂದು ಭಾನುವಾರ ಪ್ಲಾಟ್‌ಫಾರಂ ಮೇಲಿನ ಮರದ ಬೆಂಚನ್ನು ಮಾವ ಹೆಬ್ಬೆರಳಿಂದ ಉಜ್ಜುತ್ತಾ ಕೂತದ್ದನ್ನು ಸ್ಟೇಷನ್ ಮಾಸ್ಟರರು ನೋಡಿಬಿಟ್ಟರು. ಅಪ್ಪನಿಗೆ ನಾಚಿಕೆಯಾಯಿತು.

"ಭಾವಾ, ಸುಮ್ಕಿರು. ಅದು ಸರ್ಕಾರಿ ಬೆಂಚು."

"ಸರ್ಕಾರದ್ದಾದ್ರೇನು, ತೇಗ ತೇಗಾನೇ ಅಲ್ವಾ," ಎಂದ ಮಾವ, ಉಜ್ಜುವುದನ್ನು ನಿಲ್ಲಿಸದೆ.

ಅವನು ಕೆ.ಜಿ.ಎಫ್.ನ ಊರಿಗಾಂನಲ್ಲಿ, ಚಿನ್ನದ ಗಣಿಯ ಮರಗೆಲಸದ ಶೆಡ್ಡಿನಲ್ಲಿ ಪಾಲಿಶ್ ಮೇಸ್ತ್ರಿ. ಸಾಹೇಬರ ಬಂಗಲೆಗಳ ಊಟದ ಮೇಜು, ಬೀರು, ಪಿಯಾನೋ, ಎಲ್ಲದರ ಹೊಳಪೂ ಅವನ ಕೈಯಿಂದಲೇ ಆಗಬೇಕಿತ್ತು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಸೊನ್ನೆಯೊಳಗೆ ಸೊನ್ನೆ ಬರೆದಂತೆ ಗಂಟೆಗಟ್ಟಲೆ ಕೈಯಾಡಿಸುತ್ತಿದ್ದ. ಸಾಹೇಬರು ಒಬ್ಬೊಬ್ಬರಾಗಿ ಊರಿಗೆ ಹೊರಟುಹೋದ ಮೇಲೆ ಆ ಕೆಲಸ ಕಡಿಮೆಯಾಗುತ್ತಾ ಬಂತು. ಆದರೂ ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗಿ ಕೂರುತ್ತಿದ್ದ. ಲೈನು ಎನ್ನುತ್ತಿದ್ದ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ, ಎರಡು ಕೋಣೆಯ ಒಂದು ಮನೆಯಲ್ಲಿ ಒಬ್ಬನೇ ಇರುತ್ತಿದ್ದ.

ಒಬ್ಬನೇ ಯಾಕೆಂದರೆ, ಅವನ ಹೆಂಡತಿ, ನಮ್ಮಪ್ಪನ ತಂಗಿ ಪಾಪಮ್ಮತ್ತೆ, ಬಂಗಾರಪೇಟೆಯಲ್ಲಿ ನಮ್ಮ ಮನೆಯಲ್ಲಿದ್ದಳು. ಅವರು ಜಗಳವಾಡಿದವರಲ್ಲ. ಅವರನ್ನು ಬೇರೆ ಮಾಡಿದ್ದು ಧೂಳು. ಕೆ.ಜಿ.ಎಫ್. ನೋಡಿದವರಿಗೆ ಆ ಬೂದುಬಣ್ಣದ ಗುಡ್ಡಗಳು ಗೊತ್ತಿರುತ್ತವೆ. ಚಿನ್ನ ತೆಗೆದುಕೊಂಡು ಬಿಟ್ಟ ಕಲ್ಲಿನ ಹಿಟ್ಟನ್ನು ವರ್ಷಗಟ್ಟಲೆ ಸುರಿದು ಆದ ಗುಡ್ಡಗಳು ಅವು. ಜನ ಸೈನೈಡ್ ಗುಡ್ಡ ಎನ್ನುತ್ತಿದ್ದರು. ಗಾಳಿ ಎದ್ದಿತೆಂದರೆ ಆ ಹಿಟ್ಟು ಲೈನುಗಳ ಮೇಲೆ ಬಂದು ಕೂರುತ್ತಿತ್ತು. ಅನ್ನಕ್ಕೆ, ಹಾಸಿಗೆಗೆ, ಕುಡಿಯುವ ನೀರಿಗೆ ಬೀಳುತ್ತಿತ್ತು. ನನ್ನ ತಾತ, ಅಂದರೆ ಅತ್ತೆಯ ಅಪ್ಪ, ಗಣಿಯ ಒಳಗೆ ದುಡಿದು ಕೊನೆಗೆ ಉಸಿರು ಸಿಕ್ಕದೆ ಕೆಮ್ಮಿ ಕೆಮ್ಮಿ ತೀರಿಕೊಂಡವರು. ಮದುವೆಯಾಗಿ ಊರಿಗಾಂಗೆ ಹೋದ ಕೆಲವು ವರ್ಷಕ್ಕೆ ಅತ್ತೆಗೂ ಕೆಮ್ಮು ಹತ್ತಿತು. ಆಸ್ಪತ್ರೆಯ ಡಾಕ್ಟರು ಧೂಳಿಲ್ಲದ ಕಡೆ ಎರಡು ತಿಂಗಳು ಇರಲಿ ಎಂದರು. ಎರಡು ತಿಂಗಳಿಗೆಂದು ಬಂದ ಅತ್ತೆ, ನಾನು ಬೆಂಗಳೂರಿನ ಕಾಲೇಜು ಸೇರುವ ಹೊತ್ತಿಗೆ ನಮ್ಮ ಮನೆಯಲ್ಲಿ ಏಳನೆಯ ವರ್ಷ ಕಳೆಯುತ್ತಿದ್ದಳು. ಕೆಮ್ಮು ನಿಂತಿತ್ತು. ವಾಪಸು ಹೋದರೆ ವಾರದೊಳಗೆ ಮತ್ತೆ ಶುರುವಾಗುತ್ತಿತ್ತು. ಎರಡು ಸಲ ಹೋಗಿ ನೋಡಿದ್ದಳು. ಅವರಿಗೆ ಮಕ್ಕಳಿರಲಿಲ್ಲ.

ಮಾವ ಪ್ರತಿ ಭಾನುವಾರ ಊರಿಗಾಂನಿಂದ ಬೆಳಗಿನ ರೈಲಿಗೆ ಬರುತ್ತಿದ್ದ. ಬಂದವನು ನೇರ ಮನೆಯೊಳಗೆ ಬರುತ್ತಿರಲಿಲ್ಲ. ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಿ ಬಚ್ಚಲಿನಲ್ಲಿ ತಲೆಗೆ ನೀರು ಹಾಕಿಕೊಂಡು, ತೊಟ್ಟು ಬಂದ ಬಟ್ಟೆಯನ್ನು ಹೊರಗೇ ಬಿಚ್ಚಿ, ಅಲ್ಲಿನ ಗೂಟಕ್ಕೆ ನೇತುಹಾಕಿರುತ್ತಿದ್ದ ಒಂದು ಬಿಳಿ ಅಂಗಿ ತೊಟ್ಟುಕೊಂಡ ಮೇಲೆಯೇ ಅತ್ತೆಯ ಎದುರಿಗೆ ಬರುತ್ತಿದ್ದದ್ದು. ನಮ್ಮ ಮನೆಯಲ್ಲಿ ಅದಕ್ಕೆ 'ಬಂಗಾರಪೇಟೆ ಅಂಗಿ' ಎಂದು ಹೆಸರು. ಅದು ಊರಿಗಾಂಗೆ ಎಂದೂ ಹೋಗಲಿಲ್ಲ. ಸಂಜೆಯ ರೈಲಿಗೆ ಹೊರಡುವಾಗ ಅದನ್ನು ಬಿಚ್ಚಿಟ್ಟು, ಹಳೆಯದನ್ನೇ ತೊಟ್ಟು ಹೋಗುತ್ತಿದ್ದ. ಸೋಮವಾರ ಅತ್ತೆ ಆ ಅಂಗಿಯನ್ನು ಒಗೆದು ಮತ್ತೆ ಗೂಟಕ್ಕೆ ಹಾಕುತ್ತಿದ್ದಳು.

ಮಧ್ಯೆ ಆ ಏಳೆಂಟು ಗಂಟೆ ಅವರಿಬ್ಬರೂ ಹೆಚ್ಚು ಮಾತಾಡಿದ್ದು ನನಗೆ ನೆನಪಿಲ್ಲ. ಅತ್ತೆ ಕಡಲೆಕಾಯಿ ಸುಲಿಯುತ್ತಿದ್ದಳು. ಮಾವ ನಮ್ಮ ಮನೆಯ ಬಾಗಿಲನ್ನು ಹೆಬ್ಬೆರಳಿಂದ ಪರೀಕ್ಷಿಸುತ್ತಿದ್ದ. ಒಂದು ಸಲ ಅತ್ತೆ ಕೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

"ಇಲ್ಲೇ ಯಾವ್ದಾದ್ರೂ ಕೆಲಸ ನೋಡ್ಕೊಬಾರ್ದಾ?"

"ಇಲ್ಲಿ ಪಾಲಿಶು ಮಾಡ್ಸೋರ್ಯಾರು? ಕಡ್ಲೆಕಾಯಿ ಮಂಡೀಲಿ ತಕ್ಕಡಿಗೆ ಪಾಲಿಶ್ ಒಡೀಲಾ?"

ಅತ್ತೆ ನಗಲಿಲ್ಲ. "ಆ ಬೂದಿಗುಡ್ಡ ಕಾಣ್ದೇ ಇರೋ ಕಡೆ ಒಂದು ರೂಮು ನೋಡು. ಎಲ್ಲಾದ್ರೂ ಸರಿ. ಅವತ್ತೇ ಗಂಟು ಕಟ್ಕೊಂಡು ಬತ್ತೀನಿ," ಎಂದಳು.

ಆ ರೂಮು ದೋಣಿಯ ರೂಪದಲ್ಲಿ ಬಂತು. ಬೇತಮಂಗಲದ ಕೆರೆಯ ದಂಡೆಯಲ್ಲಿ ಸಾಹೇಬರ ಕಾಲದ ಒಂದು ಸಣ್ಣ ಕ್ಲಬ್ಬಿತ್ತು. ಅಲ್ಲಿನ ಮೇಜುಗಳಿಗೆ ಪಾಲಿಶ್ ಮಾಡಲು ಹೋದ ಮಾವ, ಹಿಂದುಗಡೆ ಬೋರಲು ಬಿದ್ದಿದ್ದ ಒಂದು ದೋಣಿ ನೋಡಿದ. ಯಾರೋ ಸಾಹೇಬ ಸೀಮೆಯಿಂದ ತರಿಸಿ, ಹೊರಡುವಾಗ ಬಿಟ್ಟುಹೋದದ್ದು. ಮರದ್ದಲ್ಲ. ಗಾಜಿನ ನಾರನ್ನು ಅಂಟಿನಲ್ಲಿ ಅದ್ದಿ ಅಚ್ಚಿನಲ್ಲಿ ಕೂರಿಸಿ ಮಾಡಿದ್ದು. ಈಗ ಎಲ್ಲರೂ ಫೈಬರ್ ಎನ್ನುವುದು ಅದನ್ನೇ. ಆಗ ಅಲ್ಲಿ ಅದನ್ನು ಗಾಜಿನ ದೋಣಿ ಎನ್ನುತ್ತಿದ್ದರು. ವರ್ಷಗಟ್ಟಲೆ ಬಿಸಿಲು ತಿಂದು ಅದು ಸುಣ್ಣದ ಗೋಡೆಯಂತಾಗಿತ್ತು. ಕೈಯಾಡಿಸಿದರೆ ಅಂಗೈಗೆ ಬಿಳಿಪುಡಿ ಹತ್ತುತ್ತಿತ್ತು. ಮಾವ ಹೆಬ್ಬೆರಳು ಒದ್ದೆ ಮಾಡಿ ಉಜ್ಜಿದ. ಒಂದಂಗುಲ ನೀಲಿ ಕಂಡಿತು. ದಿನಚರಿಯ ಪ್ರಕಾರ ಹಸಿರು.

ಕ್ಲಬ್ಬಿನ ಸೆಕ್ರೆಟರಿ ಅದನ್ನು ಎಸೆಯಬೇಕೆಂದಿದ್ದರಂತೆ. ದೋಣಿ ನೋಡಿಕೊಳ್ಳುವವನು ಬಿಟ್ಟುಹೋಗಿ ಅವನ ಜಾಗ ಖಾಲಿಯಿತ್ತು. ಅವನಿಗೆ ಕೊಟ್ಟಿದ್ದ, ನೀರಿನ ಕಡೆಗೆ ಕಿಟಕಿಯಿದ್ದ ರೂಮೂ ಖಾಲಿಯಿತ್ತು. "ಮೇಸ್ತ್ರಿ, ಕೆರೆ ತುಂಬೋ ಹೊತ್ತಿಗೆ ಇದನ್ನ ಹೊಸದರ ಹಾಗೆ ಮಾಡಿ ನೀರಿಗಿಳಿಸು. ಆ ಕೆಲಸ ನಿನಗೇ, ರೂಮೂ ನಿನಗೇ," ಎಂದರಂತೆ ಸೆಕ್ರೆಟರಿ.

ಆ ಭಾನುವಾರ ಮಾವ ತಲೆ ಒರೆಸಿಕೊಳ್ಳುವ ಮೊದಲೇ, ಬಂಗಾರಪೇಟೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಒಳಗೆ ಬಂದು ಇದನ್ನು ಹೇಳಿದ. ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಅಲ್ಲಿ ಧೂಳು?"

"ಬರೀ ನೀರು ಕಣೆ. ಎತ್ಲಾಗ್ ನೋಡಿದ್ರೂ ನೀರು."

"ಗುಡ್ಡ ಕಾಣ್ತದಾ?"

"ಎತ್ರಕ್ಕೆ ಅತ್ತಿ ನೋಡಿದ್ರೂ ಕಾಣಲ್ಲ. ನಾನು ಅತ್ತಿ ನೋಡ್ದೆ."

ಆ ವಾರದಲ್ಲಿ ಅತ್ತೆ ಅಟ್ಟದ ಮೇಲಿದ್ದ ತನ್ನ ತವರಿನ ಕಂಚಿನ ತಟ್ಟೆಗಳನ್ನು ಇಳಿಸಿ ತೊಳೆದಿಟ್ಟಳು ಎಂದು ಅಮ್ಮ ಆಮೇಲೆ ಹೇಳಿದರು.

ಕ್ಲಬ್ಬಿನ ಲಾರಿಯಲ್ಲಿ ದೋಣಿ ಊರಿಗಾಂಗೆ ಬಂತು. ಮಾವನ ಮನೆಯ ಹಿಂದಿನ ಅಂಗಳದಲ್ಲಿ ಎರಡು ಮರದ ದಿಮ್ಮಿಗಳ ಮೇಲೆ ಅದನ್ನು ಬೋರಲು ಹಾಕಿದರು. ಪಕ್ಕದ ಮನೆಯ ಅಂತೋಣಿ ಗಣಿಯೊಳಗೆ ಕೆಲಸ ಮಾಡುತ್ತಿದ್ದವನು. ಮನೆಯಲ್ಲಿ ತಮಿಳು, ಮಾವನೊಂದಿಗೆ ಕನ್ನಡ, ಸಿಟ್ಟು ಬಂದಾಗ ತೆಲುಗು. ಹಡಗಿಗೆ ಮಾತ್ರ ಯಾರ ಜೊತೆಗಾದರೂ ತಮಿಳಿನ ಕಪ್ಪಲೇ. ಅವನು ಗೋಡೆಯ ಮೇಲೆ ಮೊಣಕೈ ಊರಿ ನೋಡಿದ.

"ಏನ್ ಮೇಸ್ತ್ರಿ, ಕೊಳಾಯಲ್ಲಿ ನೀರು ಬಂದು ಮೂರು ದಿನ ಆಯ್ತು. ನೀನು ಕಪ್ಪಲೇ ತಂದ್ಬಿಟ್ಟಿದ್ದೀಯ."

"ನೀನು ನೀರು ತಾಪ್ಪಾ. ನಾನು ಕಪ್ಪಲು ಬಿಡ್ತೀನಿ."

ನಾನು ಬೇಸಿಗೆ ರಜೆಯಲ್ಲಿ ಒಂದೆರಡು ದಿನ ಅಲ್ಲಿಗೆ ಹೋಗಿದ್ದೆ. ಅತ್ತೆ ಕಟ್ಟಿಕೊಟ್ಟ ಹುರಿಹಿಟ್ಟು, ಚಟ್ನಿಪುಡಿ ತಲುಪಿಸುವುದು ನನ್ನ ನೆಪ. ಮಾವ ಆಗ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಿದ್ದ. ದೋಣಿಯನ್ನು ಮರ ನುಣುಪು ಮಾಡುವ ಉಪ್ಪುಕಾಗದದಿಂದ ಉಜ್ಜಿ, ರಾಬರ್ಟ್‌ಸನ್‌ಪೇಟೆಯಿಂದ ಅರಗು ತಂದು, ಮೇಜಿಗೆ ಹಾಕುವ ಪಾಲಿಶ್ಶನ್ನೇ ಹಾಕುತ್ತಿದ್ದ. ಹನ್ನೊಂದು ಸಲವೋ ಹನ್ನೆರಡು ಸಲವೋ ಹಾಕಿದ. ಅಂತೋಣಿಯ ಹೆಂಡತಿ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡಳು ಎಂದು ದಿನಚರಿಯಲ್ಲಿದೆ. ಅವರು ಕ್ರೈಸ್ತರು, ಆಕೆ ಕುಂಕುಮ ಇಡುತ್ತಿರಲಿಲ್ಲ, ಕೂದಲು ಸರಿಮಾಡಿಕೊಂಡಿರಬೇಕು. ಬರೆದಿಟ್ಟದ್ದೂ ಹೀಗೆ ಕೈಕೊಡುತ್ತದೆ.

ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ದಪ್ಪಹನಿಯ ಮಳೆ ಬಂತು. ಮಾವ ಖುಷಿಯಿಂದ ಬಾಗಿಲಲ್ಲಿ ನಿಂತು, ದೋಣಿಯ ಬೆನ್ನಿನ ಮೇಲೆ ನೀರು ಮುತ್ತಾಗಿ ಉರುಳುವುದನ್ನು ನೋಡಿದ. ಸಂಜೆಗೆ ಮಳೆ ನಿಂತಿತು. ಹೋಗಿ ನೋಡಿದರೆ ದೋಣಿ ಪೂರ್ತಿ ಹಾಲು ಚೆಲ್ಲಿದಂತೆ ಬೆಳ್ಳಗಾಗಿತ್ತು. ಮಾವ ಉಗುರು ತಾಗಿಸಿದ. ಜ್ವರ ಬಿಟ್ಟವರ ಚರ್ಮ ಸುಲಿಯುವ ಹಾಗೆ ಪಾಲಿಶ್ಶು ಹಾಳೆಹಾಳೆಯಾಗಿ ಎದ್ದುಬಂತು. ನೆಲದಲ್ಲಿಡುವ ಮೇಜಿಗೆ ಹಾಕುವ ಅರಗು ನೀರಿನಲ್ಲಿರಬೇಕಾದ ದೋಣಿಗೆ ನಿಲ್ಲುವುದಿಲ್ಲ ಎಂಬುದು ಇಪ್ಪತ್ತೈದು ವರ್ಷ ಪಾಲಿಶ್ ಮಾಡಿದವನ ತಲೆಗೆ ಬಂದಿರಲಿಲ್ಲ.

ಅಂತೋಣಿ ಗೋಡೆಯಾಚೆಯಿಂದ ನೋಡಿದವನು ಒಳಗೆ ಹೋಗಿ ಒಂದು ಹಳೆಯ ಟಾರ್ಪಾಲು ತಂದು ಗೋಡೆಯ ಮೇಲಿಟ್ಟು ಹೋದ.

"ಮರ ಅಂದ್ಕೊಂಡ್ಬಿಟ್ಟಿದ್ದೆ ಕಣಮ್ಮಣ್ಣಿ," ಎಂದ ಮಾವ. "ಮರ ಆದ್ರೆ ಕುಡೀತದೆ. ಇದು ಕುಡಿಯಲ್ಲ. ಇದಕ್ಕೆ ನಾವೇನು ಕೊಟ್ರೂ ಬ್ಯಾಡ."

ಅವತ್ತು ಅವನು ಊಟ ಮಾಡಲಿಲ್ಲ. ಕೆರೆ ತುಂಬಲು ನಾಲ್ಕೋ ಐದೋ ತಿಂಗಳು ಉಳಿದಿತ್ತು.

ಮುಂದಿನದನ್ನು ನಾನು ದಸರಾ ರಜೆಯಲ್ಲಿ ಹೋದಾಗ ನೋಡಿದೆ. ಅಂಗಳದಲ್ಲಿ ಮೂರು ಬಕೆಟ್ಟುಗಳು ಸಾಲಾಗಿದ್ದವು. ಮೂರರಲ್ಲೂ ಬೂದುಬಣ್ಣದ ನೀರು. ಮಾವ ದೋಣಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಒದ್ದೆ ಬಟ್ಟೆಗೆ ಬಕೆಟ್ಟಿನ ತಳದ ನುಣ್ಣನೆಯ ಕೆಸರು ತೆಗೆದುಕೊಂಡು, ಅಂಗೈಯಗಲದ ಒಂದು ಜಾಗವನ್ನು ಸೊನ್ನೆ ಸೊನ್ನೆಯಾಗಿ ಉಜ್ಜುತ್ತಿದ್ದ. ಆ ಜಾಗ ಮುಗಿದ ಮೇಲೆ ಪಕ್ಕದ ಅಂಗೈಯಗಲ. ದೋಣಿಯ ಅರ್ಧ ಭಾಗ ಬೆಳ್ಳಗೆ ಮಂಕಾಗಿತ್ತು. ಇನ್ನರ್ಧದಲ್ಲಿ ಆಕಾಶ ಕಾಣುತ್ತಿತ್ತು. ಏನೂ ಬಳಿದಿರಲಿಲ್ಲ. ಮೇಲೆ ಸತ್ತು ಕೂತಿದ್ದ ಪದರವನ್ನು ತೆಗೆದಿದ್ದ, ಅಷ್ಟೆ. ಕೆಳಗೆ ಅದರದೇ ಬಣ್ಣ ಇತ್ತು.

"ಇದೇನು ಮಾವ ಬಕೆಟ್ಟಲ್ಲಿ?"

"ಪುಡಿ."

"ಯಾವ ಪುಡಿ?"

ಅವನು ಗದ್ದ ಎತ್ತಿ ಮಾಡಿನಾಚೆ ತೋರಿಸಿದ. ಅಲ್ಲಿ ಸೈನೈಡ್ ಗುಡ್ಡವಿತ್ತು.

ಉಪ್ಪುಕಾಗದ ಗೀರು ಬಿಡುತ್ತಿತ್ತಂತೆ. ಅದಕ್ಕಿಂತ ನುಣುಪಾದದ್ದು ಬೇಕಾಗಿತ್ತು. ಲೈನಿನ ಹೆಂಗಸರು ಗುಡ್ಡದ ಬುಡದಲ್ಲಿ ಮಳೆನೀರು ನಿಂತು ಆರಿದ ಮೇಲೆ ಸಿಗುವ ಹಿಟ್ಟಿನಂಥ ಮಣ್ಣಿನಿಂದ ಹಿತ್ತಾಳೆ ಬಿಂದಿಗೆ ಬೆಳಗುತ್ತಿದ್ದದ್ದು ಅವನಿಗೆ ನೆನಪಾಯಿತು. ಆ ಮಣ್ಣನ್ನು ತಂದು, ಬಟ್ಟೆಯಲ್ಲಿ ಸೋಸಿ, ಮಗುವಿಗೆ ರಾಗಿ ಸರಿ ಮಾಡುವಾಗ ಹಿಂಡಿದ ರಾಗಿಹಾಲು ತಿಳಿಯಾಗಲು ಬಿಡುವಂತೆ ನೀರಿನಲ್ಲಿ ಬಿಟ್ಟ. ಮೊದಲ ಬಕೆಟ್ಟಿನಲ್ಲಿ ಬೇಗ ಕೆಳಗಿಳಿಯುವ ತರಿ. ಮೇಲಿನ ನೀರನ್ನು ಎರಡನೆಯದಕ್ಕೆ ಬಗ್ಗಿಸಿದರೆ ಅಲ್ಲಿ ಸಣ್ಣದು. ಮೂರನೆಯದರಲ್ಲಿ ಬೆಳಗಿನವರೆಗೂ ತೇಲಿ ನಿಧಾನ ಕೂರುವುದು ಬೆಣ್ಣೆಯಂಥದ್ದು. ಅದೇ ಕ್ರಮದಲ್ಲಿ ಉಜ್ಜುವುದು. ಕೊನೆಯ ಸುತ್ತಿನಲ್ಲಿ ಮಾತ್ರ ಅದು ಒಣಗಿರಬೇಕು. ಒಣ ಹತ್ತಿಯಲ್ಲಿ ಉಜ್ಜಬೇಕು. ಆಗ ಅದು ಮೇಲಕ್ಕೆ ಏಳುತ್ತಿತ್ತು. ಮಾವನ ಹುಬ್ಬು, ಕಿವಿಯ ಮಡಿಕೆ, ಉಗುರಿನ ಸಂದು ಎಲ್ಲ ಬೂದಿಯಾಗಿದ್ದವು.

"ಮೂಗಿಗೆ ಬಟ್ಟೆ ಕಟ್ಟಿಕೋ ಮಾವ."

"ಕಟ್ಕೊಂಡ್ರೆ ವಾಸ್ನೆ ತಿಳಿಯಲ್ಲ. ಜಾಸ್ತಿ ಉಜ್ಜಿದ್ರೆ ಇದು ಕಾಯ್ತದೆ, ಒಂಥರಾ ವಾಸ್ನೆ ಬತ್ತದೆ. ಅಷ್ಟೊತ್ಗೆ ಕೈ ತೆಗೀಬೇಕು. ಇಲ್ದಿದ್ರೆ ಬಣ್ಣಾನೂ ಓಯ್ತದೆ."

ಸ್ವಲ್ಪ ಹೊತ್ತಾದ ಮೇಲೆ, ಕೈ ನಿಲ್ಲಿಸದೆ, "ನಿಮ್ಮತ್ತೆಗೆ ಏಳ್ಬೇಡ," ಎಂದ.

"ಯಾಕೆ? ಇಷ್ಟು ಚೆನ್ನಾಗಿ ಹೊಳೀತಿದೆಯಲ್ಲ."

"ಒಳೀತದೆ. ಅದ್ಕೇ ಏಳ್ಬೇಡ."

ಹೇಳುವುದಿಲ್ಲ ಎಂದೆ. ಇದು ದಿನಚರಿಯಲ್ಲೂ ಇದೆ, ನೆನಪಿನಲ್ಲೂ ಇದೆ. ಎರಡೂ ಒಪ್ಪುವ ಸಂಗತಿಗಳು ಕಡಿಮೆ, ಇದು ಅವುಗಳಲ್ಲೊಂದು.

ಕೆರೆ ಆ ವರ್ಷ ತಡವಾಗಿ ತುಂಬಿತು. ಮಾವನಿಗೆ ಸಮಯ ಸಿಕ್ಕಿತು. ಕೊನೆಗೆ ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ, ತೆಳ್ಳಗೆ ಸವರಿ, ಹಳೆಯ ಉಣ್ಣೆ ಬಟ್ಟೆಯಿಂದ ಒರೆಸಿದ. ಲಾರಿ ಬಂದು ದೋಣಿಯನ್ನು ಒಯ್ಯುವ ದಿನ ಲೈನಿನ ಜನ ಸುತ್ತ ನಿಂತಿದ್ದರಂತೆ. ಅಂತೋಣಿ ಅದರ ಮೂತಿಗೆ ಒಂದು ಚೆಂಡುಹೂವಿನ ಹಾರ ಹಾಕಿ, "ನನ್ನನ್ನೂ ಕರ್ಕೊಂಡೋಗಪ್ಪಾ, ಇಲ್ಲಿ ಕೊಳಾಯಿ ಇನ್ನೂ ಬಂದಿಲ್ಲ," ಎಂದನಂತೆ. ಸೆಕ್ರೆಟರಿ ಮಾತಿಗೆ ತಪ್ಪಲಿಲ್ಲ. ಮಾವ ಗಣಿಯ ಕೆಲಸ ಬಿಟ್ಟು, ಲೈನಿನ ಮನೆಯನ್ನು ಒಪ್ಪಿಸಿ, ಕೆರೆಯ ದಂಡೆಯ ರೂಮಿಗೆ ಹೋದ. ರೂಮಿಗೆ ತಾನೇ ಸುಣ್ಣ ಬಳಿದ. ಅತ್ತೆಗೆ ಹೇಳಿಕಳಿಸಿದ.

ಅತ್ತೆ ಗಂಟು ಕಟ್ಟಿದಳು. ಎರಡು ಸೀರೆ, ಕಂಚಿನ ತಟ್ಟೆಗಳು, ಒಂದು ಸೇರು ಸಾಂಬಾರಪುಡಿ. ನೋಡಿಕೊಂಡು ಬರುವವಳ ಗಂಟಲ್ಲ ಅದು. ಉಳಿಯಲು ಹೊರಟವಳದು. ಅವಳೊಂದಿಗೆ ಹೋದವಳು ನಾನು. ಭಾನುವಾರ ಬೆಳಿಗ್ಗೆ ಬಂಗಾರಪೇಟೆಯಿಂದ ಬಸ್ಸು, ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು. ಗುಡ್ಡಗಳು ಕಂಡ ಕಡೆಯೆಲ್ಲ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದಳು. ಇದು ನೆನಪು. ದಿನಚರಿಯಲ್ಲಿ ಆ ಪ್ರಯಾಣದ ಬಗ್ಗೆ ಒಂದೇ ಸಾಲಿದೆ: 'ಬಸ್ಸಿನಲ್ಲಿ ಅತ್ತೆಯ ಜೊತೆ ತುಂಬ ಮಾತಾಡಿದೆ.'

ಏನು ಮಾತಾಡಿದೆ? ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ನಾನು ಆಗ ಇಪ್ಪತ್ತರವಳು. ಹೊಸದಾಗಿ ಏನು ಗೊತ್ತಾದರೂ ಹೇಳಿಬಿಡಬೇಕು ಅನ್ನಿಸುವ ವಯಸ್ಸು. ಗುಡ್ಡ ಕಂಡಾಗ, ಸೆರಗಿನೊಳಗಿಂದ ಅತ್ತೆ ಅದನ್ನು ಬೈದಾಗ, 'ಅದೂ ಒಂದು ಉಪಯೋಗಕ್ಕೆ ಬಂತು ಅತ್ತೆ' ಎಂದು ಜಾಣತನ ಮೆರೆಯಲು ಬಾಯಿಬಿಟ್ಟೆನೇ? ಬಿಟ್ಟಿರಬಹುದು. ನನ್ನ ಸ್ವಭಾವ ನನಗೆ ಗೊತ್ತು. ಬಿಟ್ಟದ್ದು ನೆನಪಿಲ್ಲ. ನೆನಪಿಲ್ಲದಿರುವುದು ನನಗೆ ಅನುಕೂಲ ಎಂಬುದೇ ನನ್ನ ಅನುಮಾನ.

ಮಾವ ಬಸ್ ನಿಲ್ದಾಣಕ್ಕೆ ಬಂದಿದ್ದ. ಊರಿಗಾಂನಲ್ಲಿ ತೊಡುತ್ತಿದ್ದ ಅಂಗಿಯನ್ನೇ ತೊಟ್ಟಿದ್ದ, ಒಗೆದು ಮಡಿಸಿದ್ದು. ಬಂಗಾರಪೇಟೆ ಅಂಗಿ ಬಂಗಾರಪೇಟೆಯಲ್ಲೇ ಗೂಟದ ಮೇಲಿತ್ತು. ಇಲ್ಲಿ ಅದರ ಅಗತ್ಯವಿಲ್ಲ ಎಂದು ಅವನು ಅಂದುಕೊಂಡಿರಬೇಕು. ಗಂಟನ್ನು ಅವನೇ ಹೊತ್ತುಕೊಂಡ. ದಾರಿಯಲ್ಲಿ ಎರಡು ಸಲ ಕೆಮ್ಮಿದ.

ಅತ್ತೆ ರೂಮು ನೋಡಿದಳು. ಕಿಟಕಿ ತೆರೆದು ನೀರು ನೋಡಿದಳು. ಸರಳಿನ ಮೇಲೆ ಬೆರಳಾಡಿಸಿ ಬೆರಳ ತುದಿ ನೋಡಿಕೊಂಡಳು, ಏನೂ ಹತ್ತಿರಲಿಲ್ಲ. "ಚೆನ್ನಾಗದೆ," ಎಂದಳು. ಮಾವ ಆಗ ನನ್ನ ಕಡೆ ನೋಡಿ ನಕ್ಕದ್ದು ನಾನು ಅವನಲ್ಲಿ ಕಂಡ ಅತಿ ದೊಡ್ಡ ನಗು.

ಆಮೇಲೆ ದೋಣಿಯ ಹತ್ತಿರ ಹೋದೆವು. ದಂಡೆಯಲ್ಲಿ ಹಗ್ಗ ಕಟ್ಟಿ ನಿಲ್ಲಿಸಿತ್ತು. ಅದರ ಪಕ್ಕೆಯಲ್ಲಿ ನೀರಿನ ಬೆಳಕು ಓಡಾಡುತ್ತಿತ್ತು. ಅತ್ತೆ ಬಗ್ಗಿದಾಗ ಅವಳ ಮುಖ ಅದರಲ್ಲಿ ಕಂಡಿತು. ಮಾವ ಹಗ್ಗ ಎಳೆದು ಹಿಡಿದು, "ಅತ್ತು, ಕೂತ್ಕೊ. ಬಿದ್ದೋಗಲ್ಲ," ಎಂದ.

ಅತ್ತೆ ದೋಣಿಯ ಮೇಲೆ ಅಂಗೈಯಿಟ್ಟಳು. ಹಾಗೇ ನಿಂತಳು.

"ಏನಾಕಿ ಉಜ್ಜಿದೆ?"

"ಮೇಣ."

"ಮೇಣಕ್ಕೆ ಮುಂಚೆ?"

ಮಾವ ನನ್ನ ಕಡೆ ನೋಡಿದ ಎಂದು ನನ್ನ ನೆನಪು ಹೇಳುತ್ತದೆ. ನಾನು ನೀರಿನ ಕಡೆ ನೋಡಿದೆ. ಅತ್ತೆ ಹಗ್ಗ ಹಿಡಿದಿದ್ದ ಅವನ ಕೈಯನ್ನು ಮೇಲಕ್ಕೆತ್ತಿ, ತಿರುಗಿಸಿ, ಉಗುರುಗಳನ್ನು ಒಂದೊಂದಾಗಿ ನೋಡಿದಳು. ಎಷ್ಟು ತಿಕ್ಕಿದರೂ ಆ ಸಂದುಗಳಿಂದ ಬೂದುಬಣ್ಣ ಪೂರ್ತಿ ಹೋಗಿರಲಿಲ್ಲ.

"ಎಷ್ಟು ತಿಂಗ್ಳು?"

"ನಾಕು. ನಾಕೂವರೆ."

"ನಮ್ಮಪ್ಪನ್ನ ನೀನೂ ನೋಡಿದ್ದೆ ಅಲ್ವಾ. ಕಡೇ ದಿನ ನೀನೇ ಅಲ್ವಾ ಎತ್ತಿ ಕೂರಿಸ್ತಿದ್ದಿದ್ದು," ಎಂದಳು ಅತ್ತೆ. ದನಿ ಏರಿಸಲಿಲ್ಲ. ಅವನ ಕೈಯನ್ನು ಮೆಲ್ಲಗೆ ಕೆಳಗೆ ಬಿಟ್ಟು ನನ್ನ ಕಡೆ ತಿರುಗಿದಳು.

"ಬಸ್ಸು ಎಷ್ಟೊತ್ಗೆ?"

ಮಾವ ಗಂಟನ್ನು ಮತ್ತೆ ಹೊತ್ತುಕೊಂಡು ಬಸ್ಸಿನವರೆಗೂ ಬಂದ. ಉಳಿ ಎನ್ನಲಿಲ್ಲ. ಬಸ್ಸು ಹೊರಟಾಗ ಅದರ ಪಕ್ಕೆಯನ್ನು ಹೆಬ್ಬೆರಳಿಂದ ಸುಮ್ಮನೆ ಸವರಿದ. ಬರುವಾಗ ಗುಡ್ಡಗಳ ಹತ್ತಿರ ಅತ್ತೆ ಸೆರಗನ್ನು ಮೂಗಿಗೆ ಹಿಡಿಯಲಿಲ್ಲ.

ಭಾನುವಾರದ ಭೇಟಿ ನಿಲ್ಲಲಿಲ್ಲ. ಈಗ ರೈಲಿನ ಬದಲು ಬಸ್ಸಿನಲ್ಲಿ ಬರುತ್ತಿದ್ದ. ಧೂಳಿಲ್ಲದ ಊರಿನಿಂದ ಬರುತ್ತಿದ್ದರೂ ಹಿತ್ತಲಿಗೆ ಹೋಗಿ, ಸ್ನಾನ ಮಾಡಿ, ಗೂಟದ ಮೇಲಿನ ಅಂಗಿ ತೊಟ್ಟೇ ಒಳಗೆ ಬರುತ್ತಿದ್ದ. ಅತ್ತೆ ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ. ಕೆಮ್ಮು ಬಂದರೆ ಎದ್ದು ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಿದ್ದ. ಆ ಹೊತ್ತಿನಲ್ಲಿ ಅತ್ತೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೂತಿರುತ್ತಿದ್ದಳು. ಅವನು ಒಳಗೆ ಬಂದ ಮೇಲೆ ಮತ್ತೆ ಶುರುಮಾಡುತ್ತಿದ್ದಳು.

ಅವನನ್ನು ನಾನು ಕೊನೆಗೆ ನೋಡಿದ್ದು ಎಂ.ಎ. ಮುಗಿದು, ಮೈಸೂರಿನ ಕಡೆ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿ ಹೊರಡುವ ಮೊದಲು. ಒಬ್ಬಳೇ ಕೆರೆಗೆ ಹೋದೆ. ಬಸ್ಸಿನ ವಿಷಯ ಕೇಳಿಬಿಡಬೇಕು, ಅಥವಾ ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ. ಮಾವ ದಂಡೆಗೆ ಕಟ್ಟಿದ ದೋಣಿಯೊಳಗೆ ಕೂತಿದ್ದ. ಹುಟ್ಟು ಹಾಕಲು ಅವನು ಕಲಿತಿರಲೇ ಇಲ್ಲ. ಕ್ಲಬ್ಬಿಗೆ ಬರುವವರೂ ಅಪರೂಪವಾಗಿದ್ದರು. ತಿಂಗಳಿಗೊಮ್ಮೆ ಮೇಣ ಹಾಕಿ ಒರೆಸುವುದೊಂದೇ ಕೆಲಸ. ತುಂಬ ಇಳಿದುಹೋಗಿದ್ದ. ನಾನೂ ಹತ್ತಿ ಎದುರಿಗೆ ಕೂತೆ.

"ನಿಮ್ಮತ್ತೆ ಕೆಮ್ಮು ಎಂಗದೆ?" ಎಂದ. ಮೂರು ದಿನದ ಹಿಂದೆಯಷ್ಟೇ ಭಾನುವಾರ ಅವಳನ್ನು ನೋಡಿ ಬಂದಿದ್ದ.

"ಕೆಮ್ಮೇ ಇಲ್ಲ ಮಾವ. ನಿಂತು ಎಷ್ಟೋ ವರ್ಷ ಆಯ್ತಲ್ಲ."

"ಸರಿ ಬುಡು. ಅಷ್ಟಾದ್ರೆ ಸರಿ."

ನಾನು ಬಾಯಿ ತೆರೆದೆ. ಅವನು ಕೈಯನ್ನು ನೀರಿಗೆ ಇಳಿಬಿಟ್ಟು, ಒದ್ದೆ ಹೆಬ್ಬೆರಳಿಂದ ದೋಣಿಯ ಅಂಚನ್ನು ಉಜ್ಜಿ, ಬಗ್ಗಿ ನೋಡಿದ. ಒದ್ದೆಯಾದ ಜಾಗಕ್ಕೂ ಪಕ್ಕದ ಒಣ ಜಾಗಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಅವನ ಕೆಲಸ ಅಷ್ಟು ಚೆನ್ನಾಗಿತ್ತು.

"ಮೈಸೂರಲ್ಲಿ ಒಳ್ಳೆ ಬೀಟೆ ಮರದ್ ಬಾಗ್ಲುಗಳು ಇರ್ತವಂತೆ. ನೋಡ್ಕೊಂಡು ಬಂದು ಏಳು," ಎಂದ.

ನೋಡಿಕೊಂಡು ಬಂದು ಹೇಳುವುದರೊಳಗೆ ಅವನಿರಲಿಲ್ಲ. ಕಾಲೇಜಿಗೆ ಅಪ್ಪನ ಕಾರ್ಡು ಬಂತು. ನಾನು ಊರು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊನೆಯ ಹನ್ನೆರಡು ದಿನ ಅತ್ತೆ ಆ ರೂಮಿಗೆ ಹೋಗಿ ಇದ್ದಳಂತೆ. ಅವನನ್ನು ಎತ್ತಿ ಕೂರಿಸುತ್ತಿದ್ದಳಂತೆ. ಅವಳು ಅಲ್ಲಿ ಉಳಿದದ್ದು ಆ ಹನ್ನೆರಡು ದಿನ. ದೋಣಿ ಏನಾಯಿತೋ ನನಗೆ ತಿಳಿಯದು. ಅಂಗಿ ನಮ್ಮ ಹಿತ್ತಲಿನ ಗೂಟದ ಮೇಲೆ ಬಹಳ ಕಾಲ ಇತ್ತು. ಸೋಮವಾರ ಅದನ್ನು ಒಗೆಯುವುದನ್ನು ಅತ್ತೆ ಯಾವಾಗ ಬಿಟ್ಟಳೋ ಗೊತ್ತಿಲ್ಲ.

ಅತ್ತೆಗೆ ಈಗ ತುಂಬ ವಯಸ್ಸಾಗಿದೆ. ಬಂಗಾರಪೇಟೆಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ, ಉಸಿರು ನನಗಿಂತ ಸಲೀಸು. ಈಚೆಗೆ ಒಮ್ಮೆ ಹೋದಾಗ ಜಗುಲಿಯ ಮೇಲೆ ಅವಳ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ದೋಣಿಯ ಬಣ್ಣ ಯಾವುದು ಎಂದು ಮೊದಲು ಕೇಳಿದೆ. "ನೀಲಿ," ಎಂದಳು, ಯೋಚಿಸದೆಯೇ. ಅದರಿಂದ ಧೈರ್ಯ ಬಂತು. ಇಷ್ಟು ವರ್ಷ ಇಟ್ಟುಕೊಂಡಿದ್ದ ಇನ್ನೊಂದನ್ನೂ ಕೇಳಿದೆ. ಅವಳ ಬೆರಳು ಒಂದು ಕಾಯಿಯ ಮೇಲೆ ನಿಂತಿತು. ಆಮೇಲೆ ಅದನ್ನು ಒಡೆದು, ಬೀಜ ನನ್ನ ಅಂಗೈಗೆ ಹಾಕಿ, ಇನ್ನೊಂದನ್ನು ಕೈಗೆತ್ತಿಕೊಂಡಳು. ಆಮೇಲೆ ಎರಡು ಸಲ ಊರಿಗೆ ಹೋಗಿ ಬಂದಿದ್ದೇನೆ. ಕೇಳಿದ್ದು ಹಾಗೇ ಇದೆ.

"ಅತ್ತೆ, ಅವತ್ತು ಬಸ್ಸಲ್ಲಿ ಆ ಪುಡಿ ವಿಷಯ ನಾನು ನಿನಗೆ ಹೇಳಿದ್ದೆನಾ?"